ಆ ಆರು ಪಾಳಿ ಯಾರದ್ದು?

ಅವರಿಗೆ 38 ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೈಬರ್ ಸೆಕ್ಯುರಿಟಿ ಪ್ರಾಜೆಕ್ಟ್ ನೋಡಿಕೊಳ್ಳುತ್ತಾರೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ನಾನು ಆಪ್ತ ಸಮಾಲೋಚಕಿ. ನನ್ನ ಹತ್ತಿರ ಕಳಿಸಿದ್ದು ಅವರ ಹೆಂಡತಿ. “ಮಗು ಅತ್ತರೆ ಇವರಿಗೆ ಎಚ್ಚರ ಆಗಲ್ಲ ಮೇಡಂ. ಫೋನ್ ಗುಂಯ್ ಅಂದ್ರೆ ಸಾಕು, ಎದ್ದು ಕೂರ್ತಾರೆ.”

ಮೊದಲ ದಿನ ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಸಲ ಫೋನ್ ಮಗುಚಿ ನೋಡಿದರು. ಟೀ ಕೆನೆ ಕಟ್ಟಿತು. ಕತೆ ಇಷ್ಟು: ಕಂಪನಿಯ ಐಎಸ್‌ಒ 27001 (ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟನ್ನು 2022ರ ಆವೃತ್ತಿಗೆ ಬದಲಿಸಿಕೊಳ್ಳಬೇಕಿತ್ತು. 2025ರ ಅಕ್ಟೋಬರ್ 31 ಕೊನೆಯ ದಿನವಾಗಿತ್ತು. ಶುರುವಿನಲ್ಲಿ ಒಂದೇ ಆಫೀಸು, ಒಂದೇ ಪ್ರಾಡಕ್ಟು. ಆಮೇಲೆ ಡೈರೆಕ್ಟರು “ಹೇಗಿದ್ರೂ ಮಾಡ್ತಿದ್ದೀರಲ್ಲ” ಅಂತ ಹುಬ್ಬಳ್ಳಿ ಬ್ರಾಂಚ್ ಸೇರಿಸಿದರು. ಗ್ರಾಹಕರೊಬ್ಬರು ಕೇಳಿದರೆಂದು 24 ಗಂಟೆ ಅಲರ್ಟ್ (ಸಿಸ್ಟಮ್‌ನಲ್ಲಿ ಏನೋ ಅನುಮಾನ ಬಂದಾಗ ಬರುವ ಎಚ್ಚರಿಕೆ) ಕಾಯುವ ಕೆಲಸವೂ ಬಂತು. ದುಡ್ಡು ಅಷ್ಟೇ, ತಾರೀಕು ಅದೇ. ಇವರು ಎಲ್ಲದಕ್ಕೂ “ಆಯ್ತು ಸಾರ್.”

ಮೊದಲು ತಪ್ಪಿದ್ದು ನಾನೇ. ರಾತ್ರಿ ಫೋನ್ ಹಾಲ್‌ನಲ್ಲಿಟ್ಟು ಮಲಗಿ ಅಂದೆ. ಮುಂದಿನ ವಾರ ಬಂದವರು, “ನಾನೂ ಹಾಲ್‌ನಲ್ಲೇ ಮಲಗಿದೆ” ಅಂದರು.

ಪೆನ್ನು, ಹಾಳೆ ಕೊಟ್ಟೆ. ಅಲರ್ಟ್ ಕಾಯೋರು ಎಷ್ಟು ಜನ? ಮೂವರು. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬೊಬ್ಬರು ಐದು ಪಾಳಿ ಮಾಡಿದರೆ 15. ಉಳಿದ ಆರರ ಕೆಳಗೆ ಗೆರೆ ಎಳೆದು, “ಇವು ಯಾರದ್ದು?” ಅಂದೆ.

ತುಂಬಾ ಹೊತ್ತು ಹಾಳೆ ನೋಡಿದರು. “ನಂದೇ, ಅಲ್ವಾ?”

ಕೆಲಸ ಜಾಸ್ತಿಯಾಗಿ, ಜನ, ದುಡ್ಡು, ಟೈಮು ಅಷ್ಟೇ ಇದ್ದರೆ ಆ ಕೊರತೆಯನ್ನು ಯಾರಾದರೂ ತುಂಬಲೇಬೇಕು. ಇಲ್ಲಿ ಇವರ ನಿದ್ದೆ ತುಂಬುತ್ತಿತ್ತು. ಡೈರೆಕ್ಟರಿಗೆ ಅದು ಗೊತ್ತೇ ಇರಲಿಲ್ಲ.

“ಸೈಬರ್ ದಾಳಿ ಏನಾದ್ರೂ ಆದ್ರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ, ಅಂದ್ರೆ ಇದನ್ನೆಲ್ಲ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆಗೆ, ತಿಳಿಸಬೇಕು ಮೇಡಂ, 2022ರಿಂದ ರೂಲ್ ಇದೆ. ನಾನು ಮಲಗಿಬಿಟ್ಟಿದ್ದರೆ?”

“ಆ 6 ಗಂಟೆ ಯಾವಾಗಿನಿಂದ ಲೆಕ್ಕ?”

“ಗಮನಕ್ಕೆ ಬಂದಾಗಿನಿಂದ.” ಹೇಳಿ, ಅವರೇ ಸುಮ್ಮನಾದರು.

ನನಗೆ ಫೈರ್‌ವಾಲ್ ಅಂದರೇನು ಅಂತಲೂ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಕೇಳುತ್ತಾ ಹೋದೆ. ಎಲ್ಲ ಮಾಡಿದ ಮೇಲೂ ಉಳಿಯುವ ಅಪಾಯಕ್ಕೆ ಒಪ್ಪಿಗೆ ಕೊಡುವವರು ಯಾರು? ಐಎಸ್‌ಒ ಪ್ರಕಾರ ರಿಸ್ಕ್ ಓನರ್, ಅಂದರೆ ಆ ಅಪಾಯದ ಹೊಣೆ ಹೊತ್ತವರು ಎಂದರು. ಅದು ನೀವಾ? ಅಲ್ಲ. ಇಷ್ಟು ದಿನ ಸಹಿ ಹಾಕದೆ ಅದನ್ನೆಲ್ಲ ಹೊತ್ತಿದ್ದರು.

ಡೈರೆಕ್ಟರಿಗೆ “ಆಗಲ್ಲ” ಅನ್ನಬೇಡಿ, ಈ ಹಾಳೆ ತೋರಿಸಿ ಅಂದೆ. ಇನ್ನಿಬ್ಬರನ್ನು ತಗೊಳ್ಳಲಿ. ಇಲ್ಲವೇ ರಾತ್ರಿ ಕಾಯೋದನ್ನು ಹೊರಗಿನವರಿಗೆ ಕೊಡಲಿ. ಅದೂ ಬೇಡವೆಂದರೆ ರಾತ್ರಿ ಗಂಭೀರ ಅಲರ್ಟಿಗೆ ಮಾತ್ರ ಫೋನ್ ಬರಲಿ, ಅದೂ ಸರದಿ ಮೇಲೆ. ಯಾವುದು ಒಪ್ಪಿದರೂ ಮೇಲ್‌ನಲ್ಲಿ ಬರೆಸಿಕೊಳ್ಳಿ. ಏನೇ ಮುಂದಕ್ಕೆ ಹೋದರೂ ಬ್ಯಾಕಪ್‌ನಿಂದ ಡೇಟಾ ವಾಪಸ್ ಬರುತ್ತಾ ಅಂತ ನೋಡುವ ಪರೀಕ್ಷೆ ಬಿಡಲ್ಲ ಅಂತ ಅವರೇ ಸೇರಿಸಿದರು. “ಮಾಡ್ತೀನಿ ಸಾರ್, ಯಾವುದನ್ನು ಮುಂದಕ್ಕೆ ಹಾಕಲಿ?” ಅನ್ನುವ ಒಂದು ಮಾತನ್ನು ನನ್ನ ರೂಮಿನಲ್ಲೇ ನಾಲ್ಕು ಸಲ ಹೇಳಿಸಿದೆ. ಮೂರು ಸಲ “ಸಾರಿ ಸಾರ್” ಅಂತಲೇ ಶುರು ಮಾಡಿದರು! ನಿದ್ದೆಗೆ ಡಾಕ್ಟರನ್ನೂ ನೋಡಿ ಬರಲು ಹೇಳಿದೆ.

ಡೈರೆಕ್ಟರು ಹೊಸಬರನ್ನು ಕೊಡಲಿಲ್ಲ. ಹುಬ್ಬಳ್ಳಿ ಮುಂದಿನ ವರ್ಷಕ್ಕೆ ಹೋಯಿತು. ರಾತ್ರಿ ಫೋನು ಈಗ ನಾಲ್ವರ ಸರದಿ. ಕೆಲವು ದಿನ ಈಗಲೂ ಮೂರು ಗಂಟೆಗೆ ಎಚ್ಚರವಾಗುತ್ತದಂತೆ. ಡೈರೆಕ್ಟರ ಉತ್ತರ ‘ಓಕೆ, ನೋಟೆಡ್’ ಅಷ್ಟೇ. ಅದರ ಪ್ರಿಂಟ್ ತೆಗೆದು, ಮಡಚಿ, ಪರ್ಸಿನಲ್ಲಿಟ್ಟುಕೊಂಡು ಬಂದಿದ್ದರು.