ಮಗು ಬಾರದ ದಿನಗಳ ಶುಲ್ಕ ಕೇಳಬಹುದೇ?

ಪ್ರಶ್ನೆ: ವಿನೋಬನಗರದ ನಮ್ಮ ಮನೆಯಲ್ಲಿ ಉದ್ಯೋಗಸ್ಥರ ಆರು ಪುಟ್ಟ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತೇನೆ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ದಸರೆಗೂ ಬೇಸಿಗೆಗೂ ಮಕ್ಕಳನ್ನು ಅಜ್ಜಿಮನೆಗೆ ಕಳುಹಿಸುವ ಪೋಷಕರು ಅಷ್ಟು ದಿನಗಳ ಹಣ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಜೋರು ಮಳೆಯೆಂದು ಮಗುವನ್ನು ಕಳುಹಿಸದ ದಿನಕ್ಕೂ ಇದೇ ಲೆಕ್ಕ. ಬೆಳಗಿನ ಹೊತ್ತು ಬರುವ ಸಹಾಯಕಿಗೆ ನಾನು 6,000 ರೂಪಾಯಿ ಕೊಡಲೇಬೇಕು. ರಜೆಯ ಹಣ ಕೇಳುವುದು ನ್ಯಾಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನ್ಯಾಯವೇ. ಮೇ ತಿಂಗಳಲ್ಲಿ ಇಬ್ಬರು ಮಕ್ಕಳು ಬಾರದಿದ್ದರೆ ನಿಮ್ಮ ವರಮಾನ 24,000ದಿಂದ 16,000ಕ್ಕೆ ಇಳಿಯುತ್ತದೆ. ಸಹಾಯಕಿಯ ಸಂಬಳ ಕಳೆದರೆ 18,000 ಉಳಿಯುತ್ತಿದ್ದಲ್ಲಿ 10,000 ಮಾತ್ರ ಉಳಿಯುತ್ತದೆ, ಹಾಲು, ಗ್ಯಾಸಿನ ಖರ್ಚು ಇನ್ನೂ ಬೇರೆ. ಪೋಷಕರಿಗೆ ಈ ಲೆಕ್ಕವನ್ನು ಬಿಡಿಸಿ ತೋರಿಸಿ. ಅವರು ಕೊಡುವುದು ಮಗು ಬಂದ ದಿನಗಳ ಕೂಲಿಯಲ್ಲ, ವರ್ಷವಿಡೀ ಆ ಮಗುವಿಗೆಂದು ನೀವು ಕಾಯ್ದಿರಿಸುವ ಜಾಗದ ಶುಲ್ಕ ಎಂಬುದು ಆಗ ಅವರಿಗೇ ಮನವರಿಕೆಯಾಗುತ್ತದೆ. ಆದರೂ ಮಗು ಇಡೀ ತಿಂಗಳು ಬಾರದಿದ್ದರೆ, ಅದನ್ನು ತಿಂಗಳ ಮೊದಲೇ ತಿಳಿಸಿದವರಿಂದ ಅರ್ಧ ಶುಲ್ಕ ಪಡೆಯುವುದು ಸಾಕೆಂದು ನನ್ನ ಅಭಿಪ್ರಾಯ. ಆ ತಿಂಗಳು ಅದೇ ಜಾಗದಲ್ಲಿ ಬೇರೆ ಮಗುವನ್ನು ಸೇರಿಸಿಕೊಂಡರೆ ಆ ಅರ್ಧವನ್ನೂ ಕೇಳಬೇಡಿ.

ನೀವೇ ಬಾಗಿಲು ಮುಚ್ಚುವ ದಿನಗಳ ವಿಚಾರ ಬೇರೆ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯು ಕಾರ್ಖಾನೆಗಳ ಕೆಲಸಗಾರರಿಗೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1ರಂದು ಸಂಬಳಸಹಿತ ರಜೆ ನೀಡುತ್ತದೆ. ಆ ಕಾಯ್ದೆ ಕಾರ್ಖಾನೆಗಳಂಥ ಸಂಸ್ಥೆಗಳಿಗಾಗಿ ಬಂದದ್ದಾದರೂ, ಈ ಐದು ದಿನಗಳನ್ನು ಮಾದರಿಯಾಗಿಟ್ಟುಕೊಂಡು, ಯುಗಾದಿ, ಗೌರಿ-ಗಣೇಶ, ದೀಪಾವಳಿಯಂಥ ಹಬ್ಬಗಳನ್ನೂ, ಮಾರಿಕಾಂಬಾ ಜಾತ್ರೆ ಬರುವ ವರ್ಷ ಅದರ ಒಂದು ದಿನವನ್ನೂ ಸೇರಿಸಿದರೆ ಯಾವ ಪೋಷಕರೂ ಹೆಚ್ಚೆನ್ನಲಾರರು. ಈ ದಿನಗಳಿಗೆ ಶುಲ್ಕ ಕಡಿತ ಬೇಡ. ಆದರೆ ನೀವು ಸ್ವಂತ ಪ್ರವಾಸಕ್ಕೋ ತವರಿನ ಮದುವೆಗೋ ಹೊರಟು ಬಾಗಿಲು ಮುಚ್ಚಿದ ದಿನಗಳ ಹಣವನ್ನು ಕೇಳದೆಯೇ ಬಿಟ್ಟುಕೊಡಿ, ಏಕೆಂದರೆ ಆ ದಿನ ಪೋಷಕರು ಬೇರೆ ವ್ಯವಸ್ಥೆಗೆ ಖರ್ಚು ಮಾಡಬೇಕಾಗುತ್ತದೆ ಅಥವಾ ತಮ್ಮದೇ ರಜೆ ಕಳೆದುಕೊಳ್ಳಬೇಕಾಗುತ್ತದೆ.

ಮಳೆಯ ದಿನಗಳಲ್ಲಿ ಬಾಗಿಲು ತೆರೆದೇ ಇಡಿ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದರೂ ಆಸ್ಪತ್ರೆ, ಬ್ಯಾಂಕುಗಳಲ್ಲಿರುವ ತಾಯಂದಿರು ಕೆಲಸಕ್ಕೆ ಹೋಗಲೇಬೇಕಲ್ಲವೇ? ನೀವು ಸಿದ್ಧರಿದ್ದೂ ಮಗು ಬಾರದಿದ್ದರೆ ಶುಲ್ಕ ಪೂರ್ತಿ ನಿಮಗೆ ಸಲ್ಲಬೇಕು.

ಇದಿಷ್ಟನ್ನೂ ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆದು, ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಮಧ್ಯದಲ್ಲಿ ನಿಯಮ ಬದಲಿಸದೆ ಜೂನ್ ತಿಂಗಳಿಂದ ಜಾರಿಗೆ ತನ್ನಿ. ಈಗಾಗಲೇ ಕಡಿತವಾದ ಹಣವನ್ನು ಹಿಂದಕ್ಕೆ ಕೇಳುವುದು ಬೇಡ, ಆಗ ನಿಮ್ಮ ನಡುವೆ ಅಂಥ ಮಾತು ಆಗಿರಲಿಲ್ಲ. ಸಹಾಯಕಿಗೂ ಮೇಲೆ ಹೇಳಿದ ರಾಷ್ಟ್ರೀಯ ಮತ್ತು ಹಬ್ಬದ ದಿನಗಳಲ್ಲಿ ಸಂಬಳಸಹಿತ ರಜೆ ಎಂಬುದನ್ನು ಅದೇ ಹಾಳೆಯಲ್ಲಿ ಸೇರಿಸಿ.