ಶರಾವತಿ ಸಿಹಿ, ಸಮುದ್ರ ಯಾಕೆ ಉಪ್ಪು?

ಈ ಸಲಾನೂ ಅದೇ ಪ್ರಶ್ನೆ ಬಂದಿದೆ, ಸಾಗರದ ಓದುಗರೊಬ್ಬರದ್ದು: ಅಂಬುತೀರ್ಥದಲ್ಲಿ ಹುಟ್ಟೋ ಶರಾವತಿ ಸಿಹಿ, ಹೊನ್ನಾವರದಲ್ಲಿ ಅದು ಸೇರೋ ಸಮುದ್ರ ಯಾಕೆ ಉಪ್ಪು? ಪ್ರಶ್ನೆ ಒಳ್ಳೇದೇ, ನಂಗೆ ಸಿಟ್ಟು ಬರೋದು ಎಲ್ಲಾ ಕಡೆ ಹೇಳೋ ಅರ್ಧ ಉತ್ತರದ ಮೇಲೆ. ನದಿ ಬಂಡೆಯಿಂದ ಉಪ್ಪು ಹೊತ್ಕೊಂಡು ಹೋಗತ್ತೆ, ನೀರು ಆವಿಯಾಗತ್ತೆ, ಉಪ್ಪು ಉಳಿಯತ್ತೆ, ಮುಗೀತು ಅಂತಾರೆ. ಮುಗಿಯಲ್ಲ ಸ್ವಾಮಿ. ನದಿ ನೀರನ್ನ ಬರೀ ಬತ್ತಿಸಿದ್ರೆ ಸಮುದ್ರ ಆಗಲ್ಲ.

ಬಚ್ಚಲಮನೆ ಹಂಡೆ ಒಳಗೆ ಒಂದ್ಸಲ ಕೈಯಾಡಿಸಿ. ಗಡಸು ಬೋರ್‌ವೆಲ್ ನೀರು ಕಾಸಿ ಕಾಸಿ ಬೆಳ್ಳಗೆ ಗಟ್ಟಿ ಪದರ ಕಟ್ಟಿರತ್ತೆ, ಅದು ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ ಕಾರ್ಬೊನೇಟ್. ಜಗತ್ತಿನ ನದಿಗಳನ್ನೆಲ್ಲ ಒಟ್ಟಿಗೆ ನೋಡಿದ್ರೂ ಜಾಸ್ತಿ ಕರಗಿರೋದು ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳೇ. ಸಮುದ್ರದಲ್ಲಿ ಲೆಕ್ಕ ಉಲ್ಟಾ: ಒಂದು ಕೆಜಿ ನೀರಲ್ಲಿ ಸುಮಾರು 35 ಗ್ರಾಂ ಲವಣ, ಅದ್ರಲ್ಲಿ ನೂರಕ್ಕೆ 55 ಪಾಲು ಕ್ಲೋರೈಡ್, 30 ಪಾಲು ಸೋಡಿಯಂ, ಕ್ಯಾಲ್ಸಿಯಂ ಒಂದು ಚಿಲ್ರೆ ಅಷ್ಟೇ. ಹಾಗಾದ್ರೆ ನದಿ ತಂದ ಕ್ಯಾಲ್ಸಿಯಂ ಎಲ್ಲೋಯ್ತು? ಚಿಪ್ಪಿನ ಜೀವಿಗಳು, ಹವಳ, ಕಣ್ಣಿಗೆ ಕಾಣದ ಪ್ಲಾಂಕ್ಟನ್ ಎಲ್ಲ ಅದನ್ನ ಎಳ್ಕೊಂಡು ಚಿಪ್ಪು ಕಟ್ಕೋತವೆ, ಸತ್ತ ಮೇಲೆ ತಳ ಸೇರ್ತವೆ. ನಾವು ಎಲೆಗೆ ಹಚ್ಚೋ ಚಿಪ್ಪಿನ ಸುಣ್ಣ ಇದ್ಯಲ್ಲ, ಅದು ಹಿಂಗೆ ನೀರಿಂದ ಹೊರಗೆ ಬಂದ ಕ್ಯಾಲ್ಸಿಯಮ್ಮೇ. ಸೋಡಿಯಂ, ಕ್ಲೋರೈಡನ್ನ ಹಂಗೆ ಬೇಗ ಹೊರಗೆ ಹಾಕೋರು ಯಾರೂ ಇಲ್ಲ, ಒಳಗೆ ಹೋದ್ರೆ ಕೋಟಿಗಟ್ಟಲೆ ವರ್ಷ ಅಲ್ಲೇ. ಇನ್ನೊಂದು, ಕ್ಲೋರೈಡ್‌ನಲ್ಲಿ ಬಹುಪಾಲು ಬಂಡೆ ಸವೆದು ಬಂದದ್ದೂ ಅಲ್ಲ, ಭೂಮಿ ಒಳಗಿಂದ ಜ್ವಾಲಾಮುಖಿಗಳ ಅನಿಲದ ಜೊತೆ ಬಂದದ್ದು.

ಅಷ್ಟು ಕಾಲ ಅಲ್ಲೇ ಇರೋದ್ರಿಂದ ಚೆನ್ನಾಗಿ ಬೆರೆತು ಹೋಗಿದೆ. ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಸಾಗರಗಳನ್ನ ಸುತ್ತಿ ತಂದ ನೀರಲ್ಲಿ 77 ಮಾದರಿಗಳನ್ನ ಡಿಟ್ಮಾರ್ ಅನ್ನೋ ರಸಾಯನಶಾಸ್ತ್ರಜ್ಞ ಪರೀಕ್ಷೆ ಮಾಡಿದ, ಒಟ್ಟು ಉಪ್ಪು ಹೆಚ್ಚುಕಮ್ಮಿ ಇದ್ರೂ ಅದರೊಳಗೆ ಯಾವ ಲವಣ ನೂರಕ್ಕೆ ಎಷ್ಟು ಪಾಲು ಅನ್ನೋದು ಹತ್ತಿರ ಹತ್ತಿರ ಒಂದೇ. ನಮ್ಮ ತುಂಗೆ ಕೊನೆಗೆ ಹೋಗಿ ಸೇರೋ ಬಂಗಾಳಕೊಲ್ಲಿ ಅರಬ್ಬಿ ಸಮುದ್ರಕ್ಕಿಂತ ಸಪ್ಪೆ, ಗಂಗಾ ಬ್ರಹ್ಮಪುತ್ರದಂಥ ನದಿಗಳು ಅಲ್ಲಿ ಅಷ್ಟು ಸಿಹಿನೀರು ಸುರೀತವೆ.

ಕುದಿಸಿದ್ರೆ ಸಮುದ್ರದ ನೀರು ಕುಡೀಬಹುದಾ? ಇಲ್ಲ, ಇನ್ನೂ ಉಪ್ಪಾಗತ್ತೆ.

ಸಮುದ್ರದ ನೀರಿಂದ ಚಿನ್ನ? ಮೊದಲ ಮಹಾಯುದ್ಧ ಆದ್ಮೇಲೆ ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹಾಬರ್ ಅಂಥವರೇ ನೋಡಿ ಕೈಬಿಟ್ರು.

"ಮಿನರಲ್ ಇದೆ, ಡಿಟಾಕ್ಸ್ ಆಗತ್ತೆ" ಅಂತ ಬಾಟಲಿಲಿ ಸಮುದ್ರದ ನೀರು ಮಾರೋರ ಬಗ್ಗೆ ಭದ್ರಾವತಿಯಿಂದ ಕೇಳಿದಾರೆ. ಮುಟ್ಟಬೇಡಿ. ಒಂದು ಲೀಟರಲ್ಲಿ ಒಂದು ವಾರಕ್ಕೆ ಆಗೋಷ್ಟು ಉಪ್ಪಿರತ್ತೆ, ಅಷ್ಟು ಉಪ್ಪಾದ ಮೂತ್ರ ಮಾಡೋ ಶಕ್ತಿ ಮನುಷ್ಯರ ಕಿಡ್ನಿಗಿಲ್ಲ, ಮೈಯಲ್ಲಿರೋ ನೀರನ್ನೇ ಖರ್ಚು ಮಾಡಿ ಹೊರಗೆ ಹಾಕಬೇಕು. ಬಿಪಿ ಇರೋ ವಯಸ್ಸಾದವರಿಗೆ ಇದನ್ನ ಔಷಧಿ ಅಂತ ಕೊಡೋದು ಅನ್ಯಾಯ.

ಕೊನೇದು, ಉಪ್ಪುನೀರಲ್ಲಿ ತಾನಾಗೇ ತೇಲ್ತೀವಂತೆ, ಈಜು ಬರದಿದ್ರೂ ಇಳೀಬಹುದಾ ಅಂತ ಒಬ್ಬ ಹುಡುಗ. ಬೇಡಪ್ಪ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರ ಅಷ್ಟೇ, ಅಲೆ ಎಳೆಯೋವಾಗ ಅದು ಯಾವ ಲೆಕ್ಕಕ್ಕೂ ಬರಲ್ಲ, ಮಳೆಗಾಲದಲ್ಲಂತೂ ದಡದಲ್ಲೇ ನಿಂತು ನೋಡು.