ನನ್ನ ತಂಗಿ ಮಾಡೆಲ್ ಆಗುತ್ತೇನೆ ಅನ್ನುತ್ತಿದ್ದಾಳೆ. ಈ ಕ್ಷೇತ್ರದ ಕರಾಳ ಮುಖ ನಿಜಕ್ಕೂ ಹೇಗಿರುತ್ತದೆ?

ತಂಗಿಗೆ 18 ತುಂಬಿದೆ, 5 ಅಡಿ 9 ಇಂಚು ಎತ್ತರ ಇದ್ದಾಳೆ, ಬೆಂಗಳೂರಿನ ಒಂದು ಏಜೆನ್ಸಿಯವರು ‘ಸೆಲೆಕ್ಟ್ ಆಗಿದ್ದೀರಿ, ಪೋರ್ಟ್‌ಫೋಲಿಯೋಗೆ (ಫೋಟೋ ಆಲ್ಬಂಗೆ) 60 ಸಾವಿರ ಕಟ್ಟಿ’ ಅಂದಿದ್ದಾರೆ ಎಂದು ಬರೆದಿದ್ದೀರಿ. ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ಕಟ್ಟಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿ.

ನಾನು ಹಾಸನದ ಕಡೆಯವಳು. ಇಂಜಿನಿಯರಿಂಗ್ ಓದುವಾಗ ಶುರು ಮಾಡಿ ಐದು ವರ್ಷ ಬೆಂಗಳೂರಿನಲ್ಲಿ ಕ್ಯಾಟಲಾಗ್ ಮಾಡೆಲ್ ಆಗಿದ್ದೆ, ಅಂದರೆ ಮಾರುವ ಬಟ್ಟೆ ಹಾಕಿಕೊಂಡು ಫೋಟೋಗೆ ನಿಲ್ಲುವ ಕೆಲಸ. ರ‍್ಯಾಂಪ್ ಮೇಲೆ ನಡೆದದ್ದು ಬೆರಳೆಣಿಕೆಯಷ್ಟು ಸಲ. ಈಗ ಒಂದು ಬಟ್ಟೆ ಕಂಪನಿಯಲ್ಲಿ ಅದೇ ಶೂಟ್‌ಗಳನ್ನು ನಡೆಸುವ ಕೆಲಸ. ಹಾಗಾಗಿ ಕ್ಯಾಮೆರಾದ ಎರಡೂ ಕಡೆಯ ಕಥೆ ಗೊತ್ತು.

ಕರಾಳ ಮುಖ ಅಂದ ತಕ್ಷಣ ಎಲ್ಲರಿಗೂ ಡ್ರಗ್ಸ್, ಪಾರ್ಟಿ ನೆನಪಾಗುತ್ತದೆ. ಅದೂ ಇದೆ. ಆದರೆ ನಾನು ಕಂಡಂತೆ ಕೊಳಕೆಲ್ಲ ಶುರುವಾಗುವುದು ದುಡ್ಡಿನ ಲೆಕ್ಕದಿಂದ. ಪಿಜಿ ಬಾಡಿಗೆ ಎರಡು ತಿಂಗಳು ಬಾಕಿ ಇರುವ ಹುಡುಗಿಗೆ ‘ಆಗಲ್ಲ’ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ನಿಮಗೆ ಹೇಳಿದಂತೆಯೇ ನನಗೂ ಒಬ್ಬರು ‘ಸೆಲೆಕ್ಟ್ ಆಗಿದ್ದೀಯ’ ಅಂದಿದ್ದರು. 45 ಸಾವಿರ. ಅಮ್ಮ ಎರಡು ಬಳೆ ಅಡ ಇಟ್ಟು ಕೊಟ್ಟಳು. ಒಂದೇ ದಿನದಲ್ಲಿ ನಾಲ್ಕು ಡ್ರೆಸ್ ಬದಲಾಯಿಸಿ, ದಪ್ಪ ರಟ್ಟಿನ ಆಲ್ಬಂ ಮಾಡಿ ಕೈಗಿಟ್ಟರು. ನನ್ನ ಬಣ್ಣಕ್ಕಿಂತ ಎರಡು ಶೇಡ್ ಬೆಳ್ಳಗೆ ಮೇಕಪ್ ಹಾಕಿದ್ದರು, ಕುತ್ತಿಗೆ ಬೇರೆಯವರದ್ದೇನೋ ಅನ್ನಿಸುತ್ತಿತ್ತು. ಆಮೇಲೆ ಒಂದು ಕೆಲಸವೂ ಬರಲಿಲ್ಲ. ಎಂಟು ತಿಂಗಳ ನಂತರ ಮಾಡೆಲ್‌ಗಳಿಗೆ ಕೆಲಸ ಕೊಡಿಸುವ ನಿಜವಾದ ಕೋಆರ್ಡಿನೇಟರ್ ಒಬ್ಬರ ಹತ್ತಿರ ಹೋದೆ. ಅವರು ಆಲ್ಬಂ ತೆರೆಯಲೇ ಇಲ್ಲ. ‘ಮುಖ ತೊಳ್ಕೊಂಡು ಬಾಮ್ಮ’ ಅಂದರು. ಕೂದಲು ಹಿಂದಕ್ಕೆ ಕಟ್ಟಿಸಿ, ಬಿಳಿ ಗೋಡೆ ಮುಂದೆ ನಿಲ್ಲಿಸಿ, ತಮ್ಮ ಫೋನಿನಲ್ಲಿ ನಾಲ್ಕು ಫೋಟೋ ತೆಗೆದರು. ಎದುರಿಗೆ ಒಂದು, ಎರಡು ಪಕ್ಕದಿಂದ, ಒಂದು ಪೂರ್ತಿ ನಿಂತದ್ದು. ಅಷ್ಟೇ. ಎರಡು ವಾರದಲ್ಲಿ ಮೊದಲ ಶೂಟ್ ಸಿಕ್ಕಿತು.

ಆ ಶೂಟ್ ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಿರಲ್ಲ. ಊರಾಚೆ ಶೀಟ್ ಹಾಕಿದ ಗೋದಾಮು. ಬೆಳಗ್ಗೆ ಏಳಕ್ಕೆ ಹೋದರೆ ಸಂಜೆವರೆಗೆ 60, ಕೆಲವು ದಿನ 80 ಬಟ್ಟೆ. ಏಪ್ರಿಲ್ ಬಿಸಿಲಲ್ಲಿ ಸ್ವೆಟರ್, ಯಾಕೆಂದರೆ ಚಳಿಗಾಲದ ಮಾಲು ಮುಂಚೆಯೇ ಶೂಟ್ ಆಗಬೇಕಲ್ಲ. ಕೂದಲು ಹಾರುತ್ತದೆ ಅಂತ ಫ್ಯಾನ್ ಬಂದ್. ಬಟ್ಟೆ ಬದಲಾಯಿಸಲು ಒಂದು ಪರದೆ, ಅದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಕುರ್ತಾ ದೊಗಳೆಯಾಗಿದ್ದರೆ ಬೆನ್ನ ಹಿಂದೆ ಸಾಲಾಗಿ ಕ್ಲಿಪ್ ಹಾಕಿ ಬಿಗಿ ಮಾಡುತ್ತಾರೆ. ನೀವು ಆ ಫೋಟೋ ನೋಡಿ ತರಿಸಿದ ಕುರ್ತಾ ನಿಮಗೆ ಹಾಗೆ ಕೂರದಿದ್ದರೆ ತಪ್ಪು ನಿಮ್ಮ ಮೈಯದ್ದಲ್ಲ!

ದಿನಕ್ಕೆ 12 ಸಾವಿರ ಅನ್ನುತ್ತಿದ್ದರು. ಕೇಳೋಕೆ ಚೆಂದ. ಕೋಆರ್ಡಿನೇಟರ್‌ಗೆ ಕಾಲು ಭಾಗ, ಅಂದರೆ 3,000. ಟಿಡಿಎಸ್ ಅಂತ ಮೊದಲೇ ಹಿಡಿಯುವ ತೆರಿಗೆ 1,200. ಉಳಿದ 7,800 ಕೈಗೆ ಬರುವಾಗ ನಾಲ್ಕು ತಿಂಗಳಾಗಿರುತ್ತಿತ್ತು. ಅಷ್ಟರಲ್ಲಿ ಪಾರ್ಲರ್, ಜಿಮ್, ಆಟೋ ಎಲ್ಲ ನಮ್ಮ ಜೇಬಿನಿಂದಲೇ. ತಿಂಗಳಿಗೆ ಮೂರು ಶೂಟ್ ಸಿಕ್ಕರೆ ಹಬ್ಬ.

ಹೊರದೇಶದಲ್ಲಿ ಇದು ಇನ್ನೂ ದೊಡ್ಡ ಮಟ್ಟದಲ್ಲಿ ನಡೆಯುತ್ತದೆ. ನನ್ನ ಜೊತೆಗಿದ್ದ ಒಬ್ಬಳು ಎರಡು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ ವಿಮಾನ ಹತ್ತಿದಳು. ಟಿಕೆಟ್, ಆರು ಹುಡುಗಿಯರು ಮಲಗುವ ಫ್ಲ್ಯಾಟಿನ ಬಾಡಿಗೆ, ವಾರದ ಕೈಖರ್ಚು ಎಲ್ಲ ‘ನಾವೇ ನೋಡ್ಕೋತೀವಿ’ ಅಂದಿದ್ದರು. ನೋಡಿಕೊಂಡಿದ್ದೂ ನಿಜ, ಪ್ರತಿಯೊಂದನ್ನೂ ಅವಳ ಲೆಕ್ಕಕ್ಕೆ ಬರೆದು. ದುಡಿದು ವಾಪಸ್ ಬಂದವಳ ಮೇಲೆ ಸಾಲ ಇತ್ತು. ಇದು ಅವಳೊಬ್ಬಳ ದುರದೃಷ್ಟ ಅಂದುಕೊಳ್ಳಬೇಡಿ, ಈ ದಂಧೆ ನಡೆಯುವುದೇ ಹೀಗೆ. ಮಾಡೆಲ್‌ಗಳನ್ನು ನೌಕರರು ಅಂತ ಲೆಕ್ಕಕ್ಕೆ ಹಿಡಿಯದ ಕಡೆ ಕಾರ್ಮಿಕ ಕಾನೂನು ಅವರ ಹತ್ತಿರ ಸುಳಿಯುವುದಿಲ್ಲ. ಅಮೆರಿಕದ ಸಾರಾ ಜಿಫ್ ಅನ್ನುವ ಮಾಡೆಲ್ 2012ರಲ್ಲಿ ‘ಮಾಡೆಲ್ ಅಲಯನ್ಸ್’ ಅನ್ನುವ ಸಂಘಟನೆ ಕಟ್ಟಿ ಇದರ ವಿರುದ್ಧವೇ ಹೋರಾಡಿದರು. ನ್ಯೂಯಾರ್ಕ್ ರಾಜ್ಯದಲ್ಲಿ 2025ರ ಜೂನ್‌ನಲ್ಲಿ ಕಾನೂನು ಜಾರಿಗೆ ಬಂತು. ಏಜೆನ್ಸಿ 20 ಪರ್ಸೆಂಟ್‌ಗಿಂತ ಜಾಸ್ತಿ ಕಮಿಷನ್ ತೆಗೆದುಕೊಳ್ಳುವಂತಿಲ್ಲ, ಸೇರಿಸಿಕೊಳ್ಳಲು ಡೆಪಾಸಿಟ್ ಕೇಳುವಂತಿಲ್ಲ.

ಇನ್ನು ಮೈ ವಿಷಯ. ಶೋಗೆ ಬರುವ ಸ್ಯಾಂಪಲ್ ಬಟ್ಟೆ ಒಂದೇ ಅಳತೆಯಲ್ಲಿ ಹೊಲಿದಿರುತ್ತದೆ. ಬಟ್ಟೆ ಬಿಚ್ಚಿ ಹೊಲಿಯುವುದಕ್ಕಿಂತ ಹುಡುಗಿ ಸಣ್ಣಗಾಗುವುದು ಅವರಿಗೆ ಸಲೀಸು. 2006ರ ಆಗಸ್ಟ್‌ನಲ್ಲಿ ಉರುಗ್ವೆಯ ಲೂಯಿಸೆಲ್ ರಾಮೋಸ್, 22 ವರ್ಷ, ರ‍್ಯಾಂಪ್ ಮೇಲೆ ನಡೆದು ಬಂದ ಸ್ವಲ್ಪ ಹೊತ್ತಿಗೇ ಹೃದಯ ನಿಂತು ತೀರಿಕೊಂಡಳು. ಅದೇ ನವೆಂಬರ್‌ನಲ್ಲಿ ಬ್ರೆಜಿಲ್‌ನ 21ರ ಆನಾ ಕರೋಲಿನಾ ರೆಸ್ಟನ್. ಮರುವರ್ಷ ಫೆಬ್ರವರಿಯಲ್ಲಿ ಲೂಯಿಸೆಲ್‌ಳ ತಂಗಿ ಎಲಿಯಾನಾ, ಅವಳೂ ಮಾಡೆಲ್ಲೇ, ಬರೀ 18. ಮ್ಯಾಡ್ರಿಡ್ ಫ್ಯಾಷನ್ ವೀಕ್‌ನವರು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 18ಕ್ಕಿಂತ ಕಡಿಮೆ ಇದ್ದವರನ್ನು ವೇದಿಕೆ ಹತ್ತಿಸುವುದಿಲ್ಲ ಅಂದಿದ್ದು 2006ರಲ್ಲೇ. ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್‌ಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಮೈಯನ್ನು ಎಡಿಟ್ ಮಾಡಿ ಸಣ್ಣಗೆ ತೋರಿಸಿದ ಜಾಹೀರಾತಿನ ಮೇಲೆ ‘ತಿದ್ದಿದ ಫೋಟೋ’ ಅಂತ ಬರೆಯಬೇಕು. ನಮ್ಮ ಕಡೆ ಟೇಪ್ ಹಿಡಿದವರು ಹೇಳಿದ್ದೇ ಕಾನೂನು. ಒಂದು ಫಿಟ್ಟಿಂಗ್‌ನಲ್ಲಿ ನನ್ನ ಸೊಂಟ ಅಳೆದು ಆಕೆ ನನ್ನ ಜೊತೆ ಮಾತಾಡಲಿಲ್ಲ, ಪಕ್ಕದವರಿಗೆ ‘ಒಂದೂವರೆ ಜಾಸ್ತಿ’ ಅಂದರು. ಆ ವಾರವೆಲ್ಲ ಸೌತೆಕಾಯಿ, ಬ್ಲ್ಯಾಕ್ ಕಾಫಿ. ತಲೆ ಸುತ್ತಿ ಮೆಜೆಸ್ಟಿಕ್‌ನಲ್ಲಿ ಕುಸಿದು ಕೂತಾಗ ಯಾರೋ ಹೂ ಮಾರುವ ಅಜ್ಜಿ ತನ್ನ ಡಬ್ಬಿಯ ಚಿತ್ರಾನ್ನ ಕೊಟ್ಟಳು. ನಾಚಿಕೆ ಬಿಟ್ಟು ಪೂರ್ತಿ ತಿಂದೆ.

ಈಗ ಅದೇ ‘ಹಿಪ್ಸ್ 36ಕ್ಕಿಂತ ಜಾಸ್ತಿ ಬೇಡ’ ಅನ್ನುವ ಮೆಸೇಜನ್ನು ವಾರಕ್ಕೊಮ್ಮೆ ಕಳಿಸುವವಳು ನಾನೇ. ಅದನ್ನೂ ಹೇಳಿಬಿಡಬೇಕಲ್ವಾ.

ನೀವು ಕೇಳಲು ಸಂಕೋಚಪಟ್ಟ ವಿಷಯಕ್ಕೂ ಬರುತ್ತೇನೆ. ಕೆಲಸ ಕೊಡಲು ಮೈ ಕೇಳುವುದು. ನಮ್ಮಲ್ಲಿ ಅದಕ್ಕೊಂದು ಮರ್ಯಾದಸ್ಥ ಹೆಸರಿದೆ, ‘ಕಾಂಪ್ರಮೈಸ್’. ರಾತ್ರಿ ಹತ್ತೂವರೆಗೆ ಮೆಸೇಜ್ ಬರುತ್ತದೆ: ‘ಶಾರ್ಟ್‌ಲಿಸ್ಟ್ ಆಗಿದೆ, ಕಾಂಪ್ರಮೈಸ್ ಓಕೆನಾ?’ ನಾನು ಇಲ್ಲ ಅಂದೆ. ಯಾರೂ ಬೆದರಿಸಲಿಲ್ಲ. ಸುಮ್ನೆ ಎರಡು ತಿಂಗಳು ಫೋನ್ ಬರಲಿಲ್ಲ, ಅಷ್ಟೇ. ಊರಿನಿಂದ ಅಮ್ಮ ಅಕ್ಕಿ ಕಳಿಸುತ್ತಿದ್ದಳು, ಆದ್ದರಿಂದ ನಡೆಯಿತು. ಅಕ್ಕಿ ಬರದ ಹುಡುಗಿಯರೂ ಇದ್ದರು. ಇಂಥ ಮೆಸೇಜ್ ಕಳಿಸುವವರ ವಿರುದ್ಧ ದೂರು ಕೊಡಬಹುದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ನೌಕರಿಯಲ್ಲಿ ಇಲ್ಲದ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಸಣ್ಣ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಆ ಮೆಸೇಜುಗಳ ಸ್ಕ್ರೀನ್‌ಶಾಟ್ ತಂಗಿ ಇಟ್ಟುಕೊಳ್ಳಲಿ, ಡಿಲೀಟ್ ಮಾಡೋದು ಬೇಡ. ನಾನು ಡಿಲೀಟ್ ಮಾಡಿಬಿಟ್ಟೆ, ಈಗ ಬೇಜಾರಾಗುತ್ತದೆ.

ಅಗ್ರಿಮೆಂಟ್ ಬಂದರೆ ಫೋಟೋ ಎಲ್ಲಿ, ಎಷ್ಟು ದಿನ ಬಳಸುತ್ತಾರೆ ಅನ್ನುವ ಸಾಲನ್ನು ಮೊದಲು ಹುಡುಕಿ. ನಾನು ನೋಡದೆ ಸಹಿ ಹಾಕಿದ್ದೆ. ಮೂರು ವರ್ಷದ ನಂತರ ಚಿಕ್ಕಪೇಟೆಯಲ್ಲಿ ಅತ್ತೆಗೆ ನೈಟಿ ತೆಗೆದುಕೊಳ್ಳಲು ಹೋದರೆ ಪ್ಯಾಕೆಟ್ ಮೇಲೆ ನನ್ನದೇ ಮುಖ, ಯಾವುದೋ ಕೇಳದ ಬ್ರ್ಯಾಂಡು. ಅಂಗಡಿಯವರು ‘ಇದು ಚೆನ್ನಾಗಿ ಓಡ್ತಿದೆ ಮೇಡಂ’ ಅಂದರು. ನನಗೆ ಒಂದು ರೂಪಾಯಿ ಬಂದಿರಲಿಲ್ಲ. ಈಗಂತೂ ಎಐ ಬಂದಿದೆ. ಎಚ್ ಆ್ಯಂಡ್ ಎಂ ಕಂಪನಿ 2025ರಲ್ಲಿ 30 ಮಾಡೆಲ್‌ಗಳ ಡಿಜಿಟಲ್ ಪ್ರತಿರೂಪ ಮಾಡಿಸುತ್ತೇವೆ ಅಂತ ಹೇಳಿತು, ಅವರ ಒಪ್ಪಿಗೆ ಪಡೆದು. ಒಪ್ಪಿಗೆ ಅನ್ನುವ ಆ ಸಾಲು ಸಣ್ಣ ಕಂಪನಿಗಳ ಕಾಗದದಲ್ಲಿ ಹದಿನಾಲ್ಕನೇ ಪುಟದಲ್ಲಿ ಅಡಗಿರಬಹುದು.

ತಂಗಿಯನ್ನು ತಡೆಯಿರಿ ಅಂತ ನಾನು ಹೇಳುತ್ತಿಲ್ಲ. ಅವಳ ಎತ್ತರಕ್ಕೆ ಕೆಲಸ ಸಿಗಬಹುದು. ಡಿಗ್ರಿ ಬಿಡುವುದು ಬೇಡ, ಮೊದಲ ವರ್ಷದ ಬಾಡಿಗೆ ದುಡ್ಡು ಮನೆಯವರ ಹತ್ತಿರ ಇರಲಿ, ಶೂಟ್‌ಗೆ ಹೋಗುವಾಗ ವಿಳಾಸ ನಿಮಗೆ ಕಳಿಸಿ ಹೋಗಲಿ. ಆ 60 ಸಾವಿರದ ಬದಲು ನಾಳೆ ಬೆಳಗ್ಗೆ ಮುಖ ತೊಳೆಸಿ, ಕೂದಲು ಕಟ್ಟಿಸಿ, ಬಿಳಿ ಗೋಡೆ ಮುಂದೆ ನಿಲ್ಲಿಸಿ ನಿಮ್ಮ ಫೋನಿನಲ್ಲೇ ನಾಲ್ಕು ಫೋಟೋ ತೆಗೆಯಿರಿ. ಒಂಬತ್ತು ಗಂಟೆಯ ಬೆಳಕು ಚೆನ್ನಾಗಿರುತ್ತದೆ. ಫಿಲ್ಟರ್ ಹಾಕಬೇಡಿ.